ಆಯುಷ್ಯವೂ ತವರಿನ ಬಾಗಿಲೂ

‘ಪಲ್ಲಕ್ಕಿಯಲ್ಲಿ ಹೋದ ಮನೆಯಿಂದ ಜನಾಝಾದಲ್ಲೇ ಹೊರಬರಬೇಕು.’ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ನಮ್ಮ ಮನೆಗಳಲ್ಲಿ ಮದುಮಗಳಿಗೆ ಇಂದಿಗೂ ಹೇಳುವ ಮಾತಿದು. ಈಗ ಇದಕ್ಕೆ ವಿಜ್ಞಾನದ ಬೆಂಬಲವೂ ಸಿಕ್ಕಿತೆಂದು ಕೆಲವರು ಹಿಗ್ಗುತ್ತಿದ್ದಾರೆ. ವಿವಾಹಿತರು ಹೆಚ್ಚು ಕಾಲ ಬದುಕುತ್ತಾರಂತೆ, ವಿಚ್ಛೇದಿತರು ಬೇಗ ಸಾಯುತ್ತಾರಂತೆ. ಆದ್ದರಿಂದ ಖುಲಾ ಕೇಳುವವಳು ತನ್ನ ಆಯುಷ್ಯಕ್ಕೆ ತಾನೇ ಕೊಡಲಿ ಹಾಕಿಕೊಳ್ಳುತ್ತಾಳಂತೆ! ಈ ವಾದದಲ್ಲಿ ವಿಜ್ಞಾನವೂ ಅರ್ಧ, ದೀನ್ ಕೂಡ ಅರ್ಧ.

ಲೆಕ್ಕವನ್ನೇ ನೋಡೋಣ. 1858ರಲ್ಲಿ ಇಂಗ್ಲೆಂಡಿನ ವಿಲಿಯಂ ಫಾರ್ ಎಂಬ ವಿದ್ವಾಂಸರು ಫ್ರಾನ್ಸಿನ ಜನರ ಮರಣದ ಅಂಕಿಗಳನ್ನು ಪರಿಶೀಲಿಸಿ, ಅವಿವಾಹಿತರಿಗಿಂತ ವಿವಾಹಿತರಲ್ಲಿ ಸಾವು ಕಡಿಮೆಯೆಂದು ತೋರಿಸಿದರು. ಆದರೆ 20 ವರ್ಷಕ್ಕೆ ಮೊದಲೇ ಮದುವೆಯಾದವರಲ್ಲಿ ಸಾವು ಹೆಚ್ಚಾಗಿತ್ತು. ಹೆಣ್ಣುಮಕ್ಕಳ ಓದು ಬಿಡಿಸಿ ಮದುವೆಗೆ ಅವಸರಿಸುವವರು ಈ ಭಾಗವನ್ನು ಮಾತ್ರ ಉಲ್ಲೇಖಿಸುವುದಿಲ್ಲ. ಅಲ್ಲದೆ, ಆರೋಗ್ಯವೂ ಸಂಪಾದನೆಯೂ ಇದ್ದವರಿಗೆ ಸಂಬಂಧ ಬೇಗ ಕೂಡಿಬರುತ್ತದೆ. ಅವರ ದೀರ್ಘಾಯುಷ್ಯವೆಲ್ಲವೂ ಮದುವೆಯ ಫಲವೆನ್ನಲಾಗದು.

ಇನ್ನು ವಿಚ್ಛೇದಿತೆಯ ವಿಷಯ. ಅವಳ ಮಹರ್ ಬಾಕಿ, ಇದ್ದತ್ತಿನ ಖರ್ಚು ಕೊಡುವವರಿಲ್ಲ, ತವರಿನಲ್ಲಿ ಮುಖ ತಿರುಗಿಸುವವರೇ ಎಲ್ಲ. ಕೊರಗಿ ಕಾಯಿಲೆ ಬಿದ್ದರೆ ಅವಳ ಆಯುಷ್ಯವನ್ನು ತಿಂದದ್ದು ವಿಚ್ಛೇದನವೋ, ನಾವು ಮುಚ್ಚಿದ ಬಾಗಿಲೋ?

ವಿಚ್ಛೇದನ ಹಗುರ ಸಂಗತಿಯೆಂದು ನಾನು ಹೇಳುತ್ತಿಲ್ಲ. ಬಿರುಕು ಕಂಡಾಗ ಎರಡೂ ಕುಟುಂಬಗಳಿಂದ ಒಬ್ಬೊಬ್ಬ ಮಧ್ಯಸ್ಥರನ್ನು ನೇಮಿಸಲು ಕುರ್‌ಆನ್ (4:35) ಆದೇಶಿಸುತ್ತದೆ. ಆದರೆ ಅದೇ ಗ್ರಂಥವು ಸೌಜನ್ಯದಿಂದ ಇರಿಸಿಕೊಳ್ಳಿ ಇಲ್ಲವೇ ಸದ್ವರ್ತನೆಯಿಂದ ಬಿಡುಗಡೆಗೊಳಿಸಿ ಎನ್ನುತ್ತದೆ (2:229). ಹಿಂಸಿಸುವುದಕ್ಕಾಗಿ ತಡೆದಿಡುವುದನ್ನು ನಿಷೇಧಿಸುತ್ತದೆ (2:231). ಸಾಬಿತ್ ಬಿನ್ ಕೈಸ್(ರ)ರ ಪತ್ನಿ ಪತಿಯ ನಡತೆಯಲ್ಲಾಗಲಿ ಧರ್ಮನಿಷ್ಠೆಯಲ್ಲಾಗಲಿ ದೋಷ ಹೇಳಲಿಲ್ಲ, ಬಾಳಲಾರೆನೆಂದರು. ಪ್ರವಾದಿ(ಸ) ಮಹರ್ ಆಗಿ ಪಡೆದ ತೋಟವನ್ನು ಹಿಂದಿರುಗಿಸುವೆಯಾ ಎಂದು ಕೇಳಿ, ಅವರನ್ನು ಬಿಡುಗಡೆಗೊಳಿಸಿದರು. ಜನಾಝಾದವರೆಗೆ ಕಾಯಿರಿ ಎನ್ನಲಿಲ್ಲ. ಪ್ರವಾದಿ(ಸ) ತೆರೆದ ಬಾಗಿಲನ್ನು ಮುಚ್ಚಲು ನಾವಾರು?

ಆಯುಷ್ಯದ ಅವಧಿ ಅಲ್ಲಾಹನ ಬಳಿ ನಿಶ್ಚಿತ. ಅದು ವೃದ್ಧಿಸಲೆಂದು ಬಯಸುವವರಿಗೆ ಪ್ರವಾದಿ(ಸ) ತೋರಿದ ದಾರಿಯೊಂದಿದೆ: ರಕ್ತಸಂಬಂಧವನ್ನು ಜೋಡಿಸಿಕೊಳ್ಳುವುದು. ಬುಖಾರಿಯಲ್ಲಿರುವ ಈ ಹದೀಸನ್ನು ನಾವು ಎಷ್ಟು ಬಾರಿ ಕೇಳಿಲ್ಲ! ಹಾಗಾದರೆ ಮರಳಿ ಬಂದ ಮಗಳು, ಅಕ್ಕ, ತಂಗಿ ರಕ್ತಸಂಬಂಧವಲ್ಲವೇ? ಅಣ್ಣಂದಿರೇ, ತಂದೆಯರೇ, ದೀರ್ಘಾಯುಷ್ಯ ಬೇಕೆಂದರೆ ಅವಳಿಗೆ ಬಾಗಿಲು ತೆರೆಯಿರಿ. ಜಮಾಅತಿನ ಹಿರಿಯರೇ, ಅವಳ ಮಹರನ್ನೂ ಇದ್ದತ್ತಿನ ಖರ್ಚನ್ನೂ ಕೊಡಿಸಿರಿ, ಮರುಮದುವೆಗೆ ನೆರವಾಗಿರಿ.

ಮಗಳನ್ನು ಬೀಳ್ಕೊಡುವಾಗ ಇನ್ನು ಮುಂದೆ ಜನಾಝಾದ ಮಾತು ಬೇಡ. ‘ಸಹನೆಯಿಂದ ಬಾಳು, ಬಾಳಲಾಗದಿದ್ದರೆ ಈ ಮನೆ ನಿನ್ನದೇ’ ಎನ್ನೋಣ. ಅಲ್ಲಾಹನು ನಮ್ಮ ಮನೆಗಳಲ್ಲಿ ಕರುಣೆಯನ್ನು ನೆಲೆಗೊಳಿಸಲಿ. ಆಮೀನ್.