ಹಳೆಯ ಬೈಕು: ಲೆಕ್ಕವೂ ಹೊಣೆಯೂ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆಗಳು ಅಡಿಕೆ ತೋಟಗಳ ಅಂಚಿನಲ್ಲಿ ಚದುರಿಕೊಂಡಿವೆ. ಬಸ್ಸು ಬರುವ ರಸ್ತೆಗೂ ಮನೆಗೂ ನಡುವೆ ಎಷ್ಟೋ ಕಡೆ ಮೈಲುಗಟ್ಟಲೆ ಕಾಡುದಾರಿ. ಇಲ್ಲಿ ಮೋಟಾರು ಸೈಕಲ್ಲು ಷೋಕಿಯ ವಸ್ತುವಲ್ಲ. ಹಾಲು ಡೇರಿಗೆ, ಜ್ವರದ ಮಗು ಆಸ್ಪತ್ರೆಗೆ ತಲುಪುವುದು ಅದರ ಮೇಲೆಯೇ.

ಸೆಕೆಂಡ್ ಹ್ಯಾಂಡ್ ಬೈಕು ಪದೇ ಪದೇ ಕೈಕೊಟ್ಟಾಗ ಕೇಳಿಬರುವ ಮಾತು: ‘ಈಗಾಗಲೇ ಇಷ್ಟು ಸುರಿದಿದ್ದೇನೆ, ಹೇಗೆ ಮಾರಲಿ?’ ಸುರಿದ ಹಣ ಇಟ್ಟುಕೊಂಡರೂ ಮಾರಿದರೂ ಮರಳಿ ಬಾರದು. ಲೆಕ್ಕಕ್ಕೆ ಬರಬೇಕಾದದ್ದು ಮುಂದಿನ ವೆಚ್ಚ. 15 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣ ಶುಲ್ಕವೇ 2022ರಲ್ಲಿ 300ರಿಂದ 1,000 ರೂಪಾಯಿಗೆ ಏರಿತು. ಮಳೆಗಾಲದ ರಾತ್ರಿ ದೇವಿಮನೆ ಘಟ್ಟದಲ್ಲಿ ಎಂಜಿನ್ ನಿಂತರೆ ತೆರಬೇಕಾದ ಬೆಲೆ ಯಾವ ಗ್ಯಾರೇಜಿನ ಬಿಲ್ಲಿನಲ್ಲೂ ಕಾಣದು.

ನನ್ನಲ್ಲಿಯೂ ಅಂಥದೊಂದು ಬೈಕಿದೆ, ಮಾರಲು ನಿರ್ಧರಿಸಿದ್ದೇನೆ. ಆದರೆ ಕೊಳ್ಳುವವರಿಗೆ ಏನು ಹೇಳಿ? ದೋಷ ಮಾರುವವನಿಗಷ್ಟೇ ಗೊತ್ತಿರುವ ಮಾರುಕಟ್ಟೆಯಲ್ಲಿ ನಂಬಿಕೆ ಕುಸಿದು ಒಳ್ಳೆಯ ವಾಹನಕ್ಕೂ ತಕ್ಕ ಬೆಲೆ ಸಿಗದೆಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿಯೇ ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಸಂದಿತು. ದೋಷ ಮುಚ್ಚಿ ಮಾರಿದರೆ ಸಂಕಟ ತೀರುವುದಿಲ್ಲ, ಮತ್ತೊಂದು ಹಳ್ಳಿಗೆ ವರ್ಗವಾಗುತ್ತದೆ ಅಷ್ಟೇ.

ಕಾನೂನೂ ಎಚ್ಚರಿಸುತ್ತದೆ. ನೋಂದಣಿಯಲ್ಲಿ ಹೆಸರು ಬದಲಾಗದಿದ್ದರೆ, ಮಾರಿದ ನಂತರದ ಅಪಘಾತದ ಪರಿಹಾರಕ್ಕೂ ದಾಖಲೆಯಲ್ಲಿರುವ ಮಾಲೀಕನೇ ಹೊಣೆಯೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಆದ್ದರಿಂದ 29 ಮತ್ತು 30ನೇ ನಮೂನೆಗಳನ್ನು ಸಾರಿಗೆ ಕಚೇರಿಗೆ ಸಲ್ಲಿಸಬೇಕು. ದೋಷಗಳ ಪಟ್ಟಿಯನ್ನೂ ರಿಪೇರಿಯ ರಸೀತಿಗಳನ್ನೂ ಕೀಲಿಕೈಯೊಂದಿಗೇ ಕೊಡಬೇಕು. ಅದರಿಂದ ಬೆಲೆ ಇಳಿದರೆ ಇಳಿಯಲಿ. ಬೈಕಿನ ನಿಜವಾದ ಬೆಲೆಯೇ ಅದು.