ತೂಗುವ ಮುನ್ನ ತೊಳೆಯಬೇಕು

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಅಂಕಗಳು ದೊರೆಯುವುದು ಮಾಪಕದ ಮುಳ್ಳು ತೋರಿಸಿದ ಸಂಖ್ಯೆಗೆ. ಪಾತ್ರೆಯನ್ನು ಶುದ್ಧವಾಗಿ ತೊಳೆದವನಿಗೆ ಒಂದು ಅಂಕವೂ ಇಲ್ಲ. ಭೌತಶಾಸ್ತ್ರದ ಅಧ್ಯಾಪಕನಾದ ನಾನೂ ಈ ತಪ್ಪಿನಲ್ಲಿ ಪಾಲುಗಾರನೇ. ಅದು ಎಷ್ಟು ದೊಡ್ಡ ತಪ್ಪೆಂಬುದನ್ನು ಡಿ.ಎನ್.ಎ. ಎಳೆಯನ್ನು ತೂಗುವ ವಿದ್ಯೆಯು ತೋರಿಸಿಕೊಡುತ್ತದೆ.

ದ್ರವ್ಯರಾಶಿ ರೋಹಿತಮಾಪಕಗಳಲ್ಲಿ ಒಂದು ಬಗೆಯದು ಅಣುಗಳನ್ನು ನಿರ್ವಾತದಲ್ಲಿ ಓಡಿಸಿ, ಅವು ಗುರಿ ಮುಟ್ಟಿದ ಕಾಲದಿಂದ ತೂಕವನ್ನು ಕಂಡುಹಿಡಿಯುತ್ತದೆ. ಡಿ.ಎನ್.ಎ.ಯನ್ನು ಮುರಿಯದೆ ಮೇಲೆಬ್ಬಿಸಲು ಅದನ್ನು ತಕ್ಕ ಆಮ್ಲವೊಂದರೊಡನೆ ಬೆರೆಸಿ, ಹರಳಾಗುವಂತೆ ಒಣಗಿಸಿ, ಲೇಸರ್ ಕಿರಣವನ್ನು ಹಾಯಿಸುತ್ತಾರೆ. ಹರಳು ಬೆಳಕನ್ನು ಹೀರಿ ಸಿಡಿಯುತ್ತದೆ. ಅಣುವು ಅದರೊಡನೆ ಹೊರಡುತ್ತದೆ. 1993ರಲ್ಲಿ 3-ಹೈಡ್ರಾಕ್ಸಿಪಿಕೋಲಿನಿಕ್ ಆಮ್ಲವು ಈ ಕೆಲಸಕ್ಕೆ ಬಂದುದು ನನ್ನ ಎಣಿಕೆಯಲ್ಲಿ ಯಂತ್ರದ ಯಾವ ಸುಧಾರಣೆಗೂ ಕಡಮೆಯಲ್ಲ.

ಆದರೆ ತೊಡಕೊಂದುಂಟು. ಡಿ.ಎನ್.ಎ.ಯ ಬೆನ್ನೆಲುಬಿನಲ್ಲಿರುವ ಫಾಸ್ಫೇಟುಗಳು ಋಣವಿದ್ಯುತ್ತುಳ್ಳವು. ನೀರಿನಲ್ಲಿಯೂ ಗಾಜಿನಲ್ಲಿಯೂ ನಮ್ಮ ಬೆರಳ ಬೆವರಿನಲ್ಲಿಯೂ ಇರುವ ಸೋಡಿಯಂ ಅವಕ್ಕೆ ಅಂಟಿಕೊಳ್ಳುತ್ತದೆ. ಹೈಡ್ರೊಜನ್ ಪರಮಾಣುವಿನ ತೂಕವನ್ನು 1 ಎಂದು ಹಿಡಿದರೆ, ಅದರ ಸ್ಥಾನದಲ್ಲಿ ಕುಳಿತ ಒಂದೊಂದು ಸೋಡಿಯಮ್ಮೂ ಎಳೆಯ ತೂಕವನ್ನು 22ರಷ್ಟು ಹೆಚ್ಚಿಸುತ್ತದೆ. ಪೊಟ್ಯಾಸಿಯಂ ಕುಳಿತರೆ 38. ಕೆಲವು ಎಳೆಗಳಿಗೆ ಒಂದು, ಕೆಲವಕ್ಕೆ ಮೂರು, ಕೆಲವಕ್ಕೆ ಐದು ಅಂಟಿದಾಗ, ಒಂದೇ ಶಿಖರವಾಗಿ ನಿಲ್ಲಬೇಕಾದ ರೇಖೆಯು ಗುಡ್ಡಗಳ ಸಾಲಾಗಿ ಹರಡುತ್ತದೆ. ಡಿ.ಎನ್.ಎ. ಲಿಪಿಯಲ್ಲಿ 'ಸಿ' ಅಕ್ಷರವಿದ್ದೆಡೆ 'ಎ' ಬಂದರೆ ತೂಕ ಹೆಚ್ಚುವುದು 24 ಮಾತ್ರ. ಸೋಡಿಯಂ ಅಂಟಿದ 'ಸಿ'ಗೂ ಶುದ್ಧವಾದ 'ಎ'ಗೂ ಉಳಿದ ಅಂತರ ಬರಿಯ 2! ಕುಡುಗೋಲುಕಣ ರಕ್ತಹೀನತೆಗೆ ಮೂಲವಾದ 'ಎ'ಯಿಂದ 'ಟಿ'ಗೆ ಆದ ಬದಲಾವಣೆಯಲ್ಲಿ ವ್ಯತ್ಯಾಸ ಕೇವಲ 9. ಉಪ್ಪು ಕಳೆಯದ ಮಾದರಿಯನ್ನು ನಂಬಿ, ಕೂಸಿನ ತಂದೆತಾಯಿಗಳಿಗೆ ರೋಗವುಂಟೆಂದೋ ಇಲ್ಲವೆಂದೋ ಹೇಳುವ ಧೈರ್ಯ ಯಾರಿಗಿದ್ದೀತು?

ಪರಿಹಾರವೇನೋ ಸರಳವಾದುದೇ. ಅಮೋನಿಯಂ ಹೊತ್ತ ರಾಳದ ಮಣಿಗಳನ್ನು ದ್ರಾವಣದಲ್ಲಿ ಹಾಕಿ ಅಲುಗಿಸಿದರೆ, ಅವು ಸೋಡಿಯಮನ್ನು ಹಿಡಿದುಕೊಂಡು ಅಮೋನಿಯಮನ್ನು ಬಿಟ್ಟುಕೊಡುತ್ತವೆ. ಲೇಸರ್ ತಗುಲಿದಾಗ ಅಮೋನಿಯಂ ತನ್ನ ಒಂದು ಹೈಡ್ರೊಜನನ್ನು ಎಳೆಯಲ್ಲಿಯೇ ಉಳಿಸಿ, ತಾನು ಅಮೋನಿಯಾ ಅನಿಲವಾಗಿ ಹಾರಿಹೋಗುತ್ತದೆ. ಎಳೆಯು ತನ್ನ ನಿಜವಾದ ತೂಕದಲ್ಲಿಯೇ ಗುರಿ ಸೇರುತ್ತದೆ. ಇಷ್ಟು ಸೊಗಸಾದ ಉಪಾಯವನ್ನು 'ಕೈಕೆಲಸ'ವೆಂದು ಬದಿಗೆ ಸರಿಸುವವರೊಡನೆ ನನಗೆ ಜಗಳವುಂಟು.

ಮುಂದಿನ ವರ್ಷದಿಂದ ನನ್ನ ತರಗತಿಯಲ್ಲಿ ಪ್ರಯೋಗದ ಹತ್ತು ಅಂಕಗಳಲ್ಲಿ ನಾಲ್ಕನ್ನು ಮಾದರಿಯ ಸಿದ್ಧತೆಗೇ ಮೀಸಲಿಡಬೇಕೆಂದಿದ್ದೇನೆ. ಸಹೋದ್ಯೋಗಿಗಳು ಈಗಾಗಲೇ ನಗುತ್ತಿದ್ದಾರೆ.