ಕೀಲಿ ಕೊಟ್ಟರೆ ಗಾಡಿ ಮಾರಿದಂತಲ್ಲ

ಸಂತೆಯಲ್ಲಿ ಎತ್ತು ಮಾರುವುದು ಸುಲಭ. ಹಲ್ಲು ನೋಡಿ, ನಡಿಗೆ ನೋಡಿ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಮುಗಿಸಿ, ರೊಕ್ಕ ಎಣಿಸಿಕೊಂಡು ಹಗ್ಗ ಕೈಗಿಟ್ಟರೆ ಮುಗೀತು. ಆ ಮೇಲೆ ಎತ್ತು ಯಾರ ಹೊಲ ಮೇಯ್ದರೂ ಮಾರಿದವನನ್ನು ಕೇಳುವವರಿಲ್ಲ. ಕಾರು ಹಾಗಲ್ಲ. ಅದರ ಕೀಲಿ ಕೊಟ್ಟರೂ ಹಗ್ಗ ಮಾರಿದವನ ಕೈಯಲ್ಲೇ ಉಳಿದಿರುತ್ತದೆ. ಆ ಹಗ್ಗದ ಹೆಸರು ಸಾರಿಗೆ ಕಚೇರಿಯ ದಾಖಲೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಒಂದೇ ಹೆದ್ದಾರಿಗೆ ಪೋಣಿಸಿದ ಮೂರು ಊರುಗಳು. ಭತ್ತದ ರೊಕ್ಕ ಕೈಗೆ ಬಂದ ಕಾಲಕ್ಕೆ ಇಲ್ಲಿ ಹಳೆ ಗಾಡಿ ಹೋಗಿ ಹೊಸದು ಬರುವುದು ಸಾಮಾನ್ಯ. ಅಡತಿ ಅಂಗಡಿಯವರಿಂದ ಹಿಡಿದು ಹಟ್ಟಿಯ ನೌಕರರವರೆಗೆ, ಡೀಲರ್ ಕಡಿಮೆ ಹೇಳುತ್ತಾನೆ, ನಾವೇ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ ಎಂದು ಲೆಕ್ಕ ಹಾಕುವವರು ಬಹಳ. ಲೆಕ್ಕ ತಪ್ಪೇನಲ್ಲ. ಆದರೆ ಆ ನಾಲ್ಕು ಕಾಸಿನ ಆಸೆಗೆ ಗಾಡಿಯನ್ನೂ ರೊಕ್ಕವನ್ನೂ ಒಟ್ಟಿಗೆ ಕಳೆದುಕೊಳ್ಳುವ ದಾರಿಗಳು ಈಗ ಹತ್ತಾರಿವೆ.

ಮೊದಲ ದಾರಿ ಮೊಬೈಲಿನಿಂದ ಶುರುವಾಗುತ್ತದೆ. ಅಂಗಡಿಕಾರರೊಬ್ಬರು ತಮ್ಮ ಕಾರಿನ ಫೋಟೋ ಹಾಕಿ ಜಾಹೀರಾತು ಕೊಟ್ಟರು ಎಂದಿಟ್ಟುಕೊಳ್ಳಿ. ಅರ್ಧ ತಾಸಿನೊಳಗೆ ಫೋನು. "ಸಾವ್ಕಾರ್ರ, ಗಾಡಿ ಇನ್ನೂ ಐತೇನ್ರಿ? ನೀವು ಹೇಳಿದ ದರಕ್ಕೇ ತಗೋತೀನ್ರಿ." ಚೌಕಾಸಿ ಇಲ್ಲ, ಗಾಡಿ ನೋಡುವ ಮಾತಿಲ್ಲ. ತಾನು ಮಿಲಿಟರಿಯಲ್ಲಿದ್ದೇನೆ, ದೂರದ ಕ್ಯಾಂಪಿನಲ್ಲಿದ್ದೇನೆ, ಭಾವನನ್ನು ಕಳಿಸಿ ಒಯ್ಯುತ್ತೇನೆ ಎನ್ನುತ್ತಾನೆ. ಗುರುತಿನ ಚೀಟಿಯ ಫೋಟೋವನ್ನೂ ಕಳಿಸುತ್ತಾನೆ. ಸಂಚಕಾರ ಕಳಿಸುತ್ತೇನೆಂದು ಮೊದಲು ಐದೋ ಹತ್ತೋ ರೂಪಾಯಿ ಹಾಕಿ ನಂಬಿಕೆ ಹುಟ್ಟಿಸುತ್ತಾನೆ. ನಂತರ ಬರುತ್ತದೆ ಕ್ಯೂ.ಆರ್. ಚಿತ್ರ. "ಇದನ್ನ ಸ್ಕ್ಯಾನ್ ಮಾಡಿ ಪಿನ್ ಒತ್ರಿ, ರೊಕ್ಕ ನಿಮ್ಮ ಖಾತೆಗೆ ಬೀಳ್ತೈತಿ."

ಬೀಳುವುದಿಲ್ಲ, ಹೋಗುತ್ತದೆ! ಚಹಾದಂಗಡಿಯಲ್ಲಿ ದಿನವೂ ಕಾಣುವ ಸಂಗತಿಯನ್ನು ನೆನೆಸಿಕೊಂಡರೆ ಸಾಕು. ಅಲ್ಲಿ ಸ್ಕ್ಯಾನ್ ಮಾಡಿ ಪಿನ್ ಒತ್ತುವವನು ಚಹಾ ಕುಡಿದವನು, ಅಂಗಡಿಯವನಲ್ಲ. ರೊಕ್ಕ ತೆಗೆದುಕೊಳ್ಳುವವನು ಯಾವ ಪಿನ್ನನ್ನೂ ಒತ್ತಬೇಕಾಗಿಲ್ಲ, ಏನನ್ನೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಈ ಒಂದು ಮಾತು ಮನದಲ್ಲಿದ್ದರೆ ಅರ್ಧ ಮೋಸ ಅಲ್ಲಿಗೇ ನಿಂತುಹೋಗುತ್ತದೆ.

ಇದರ ತಮ್ಮನಂಥ ಮೋಸ ಇನ್ನೊಂದಿದೆ. ಐದು ಸಾವಿರದ ಬದಲು ಐವತ್ತು ಸಾವಿರ ಬಂದಿದೆ ಎಂಬ ಮೆಸೇಜು ಮೊಬೈಲಿಗೆ ಬರುತ್ತದೆ. ಹಿಂದೆಯೇ ಫೋನು: "ಅಣ್ಣಾರ, ಒಂದು ಸೊನ್ನಿ ಹೆಚ್ಚಾಗಿ ಬಿತ್ತು, ಆಸ್ಪತ್ರಿ ಖರ್ಚಿನ ರೊಕ್ಕ, ಉಳಿದದ್ದು ಈಗಿಂದೀಗ ವಾಪಸ್ ಹಾಕ್ರಿ." ಮೆಸೇಜು ಬ್ಯಾಂಕಿನದಲ್ಲ, ಅವನೇ ಬರೆದು ಕಳಿಸಿದ್ದು. ಒಳ್ಳೆಯ ಮನಸ್ಸಿನವರೇ ಇದಕ್ಕೆ ಬೀಳುತ್ತಾರೆ ಎಂಬುದು ದುಃಖದ ಸಂಗತಿ. ಮೆಸೇಜು ನಂಬಬಾರದು, ಖಾತೆಯ ಬಾಕಿಯನ್ನೇ ತೆರೆದು ನೋಡಬೇಕು.

ಎರಡನೆಯ ದಾರಿ ಚೆಕ್ಕು. ಶನಿವಾರ ಸಂಜೆ ಬಂದು, ಚೆಕ್ಕು ಕೊಟ್ಟು, ಸೋಮವಾರ ಪಾಸಾಗುತ್ತದೆ ಎಂದು ಹೇಳಿ ಗಾಡಿ ಹೊಡೆದುಕೊಂಡು ಹೋಗುವವರುಂಟು. ಸೋಮವಾರ ಚೆಕ್ಕು ಮರಳಿ ಬರುತ್ತದೆ, ಗಾಡಿ ಬರುವುದಿಲ್ಲ. ಕಾನೂನು ಇಲ್ಲವೆಂದಲ್ಲ. ಬೌನ್ಸ್ ಆದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸು ಕೊಟ್ಟು, 15 ದಿನ ಕಾದು, ಆ ಮೇಲೆ ಒಂದು ತಿಂಗಳೊಳಗೆ ಕೋರ್ಟಿಗೆ ಹೋಗಬಹುದು. ಆದರೆ ವಕೀಲರ ಫೀ ಕೊಟ್ಟು ವರ್ಷಗಟ್ಟಲೆ ಅಲೆಯುವುದಕ್ಕಿಂತ ಚೆಕ್ಕು ಪಾಸಾಗುವತನಕ ಕೀಲಿ ಕೊಡದಿರುವುದು ಅಗ್ಗವಲ್ಲವೇ? ಬ್ಯಾಂಕು ಮುಚ್ಚಿದೆ ಎಂಬ ನೆಪವೂ ಈಗ ನಡೆಯದು. ಎನ್.ಇ.ಎಫ್.ಟಿ. 2019ರ ಡಿಸೆಂಬರಿನಿಂದ, ಆರ್.ಟಿ.ಜಿ.ಎಸ್. 2020ರ ಡಿಸೆಂಬರಿನಿಂದ ಹಗಲೂ ರಾತ್ರಿ, ಭಾನುವಾರವೂ ನಡೆಯುತ್ತಿವೆ.

ಹಾಗಾದರೆ ನೋಟಿನ ಕಂತೆಯೇ ಒಳ್ಳೆಯದೇ? ಅದಕ್ಕೂ ಮಿತಿಯಿದೆ. 2017ರಿಂದ ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವನಿಗೆ ಅಷ್ಟೇ ದಂಡ ಬೀಳಬಹುದು. ಮಾರುವವನೇ ಇಲ್ಲಿ ಸಿಕ್ಕಿಬೀಳುವವನು. ಕಡಿಮೆ ಮೊತ್ತದ ನಗದನ್ನೂ ಬ್ಯಾಂಕಿನ ಕೌಂಟರಿನಲ್ಲೇ ಎಣಿಸಿ ಕಟ್ಟಿಸಿಕೊಂಡರೆ ಖೋಟಾ ನೋಟಿನ ಭಯವಿಲ್ಲ. ಖಾತೆಗೆ ಬರುವ ರೊಕ್ಕವೂ ಕೊಳ್ಳುವವನ ಸ್ವಂತ ಖಾತೆಯಿಂದಲೇ ಬರಲಿ. ಯಾರದೋ ಕದ್ದ ಹಣ ಮೂರನೆಯವನ ಖಾತೆಯಿಂದ ಬಂದು ಬಿದ್ದರೆ, ಪೊಲೀಸರ ಸೂಚನೆಯಂತೆ ಬ್ಯಾಂಕು ಮಾರಿದವನ ಖಾತೆಯನ್ನೇ ತಡೆಹಿಡಿಯುತ್ತದೆ. ಅಂಗಡಿಯ ವ್ಯವಹಾರವೂ ಅದರೊಂದಿಗೆ ನಿಲ್ಲುತ್ತದೆ.

ಮೂರನೆಯದು ಗಾಡಿ ಓಡಿಸಿ ನೋಡುವ ನೆಪ. "ಬೈಪಾಸ್ ತನಕ ಒಂದು ರೌಂಡ್ ಹೊಡೆದು ಬರ್ತೀನ್ರಿ" ಎಂದವನು ಸಿರುಗುಪ್ಪ ದಾಟಿರಬಹುದು. ಬಂದವನ ಡ್ರೈವಿಂಗ್ ಲೈಸೆನ್ಸ್ ನೋಡಿ, ಫೋಟೋ ತೆಗೆದು, ಮಾರುವವರು ತಾವೂ ಪಕ್ಕದ ಸೀಟಿನಲ್ಲಿ ಕೂರಬೇಕು. ನಡುದಾರಿಯಲ್ಲಿ ಚಕ್ರ ನೋಡಿ ಎಂದರೆ ಕೀಲಿ ಹಿಡಿದುಕೊಂಡೇ ಇಳಿಯಬೇಕು. ಮೂಲ ಆರ್.ಸಿ. ಮತ್ತು ಎರಡನೆಯ ಕೀಲಿ ಮನೆಯಲ್ಲಿರಬೇಕೇ ಹೊರತು ಗಾಡಿಯ ಡಬ್ಬಿಯಲ್ಲಲ್ಲ.

ಈ ಮೂರೂ ಮೋಸ ರೊಕ್ಕದ ಮಟ್ಟಿಗೆ ನಿಲ್ಲುತ್ತವೆ. ನಾಲ್ಕನೆಯದು ಮೋಸ ಎಂದೇ ಕಾಣುವುದಿಲ್ಲ. ಆದರೆ ಅದೇ ಎಲ್ಲಕ್ಕಿಂತ ದೊಡ್ಡದು. ಪೂರಾ ರೊಕ್ಕ ಬಂದಿರುತ್ತದೆ. ಕೊಂಡವನು ಮರ್ಯಾದಸ್ಥನೇ ಇರುತ್ತಾನೆ. "ಖಾಲಿ ಫಾರಂಗೆ ಸಹಿ ಹಾಕಿ ಕೊಡ್ರಿ ಸಾವ್ಕಾರ್ರ, ಉಳಿದದ್ದು ನಾವು ಮಾಡ್ಕೊಂತೀವಿ" ಎನ್ನುತ್ತಾನೆ. ಇವರು ಸಹಿ ಹಾಕಿ ಮರೆತುಬಿಡುತ್ತಾರೆ. ಅವನು ಹೆಸರು ಬದಲಿಸುವುದೇ ಇಲ್ಲ. ಇನ್ನೊಬ್ಬನಿಗೆ ಮಾರುತ್ತಾನೆ, ಅವನು ಮತ್ತೊಬ್ಬನಿಗೆ. ಗಾಡಿ ಮೂರು ಕೈ ದಾಟಿದರೂ ಹೆಸರು ಮಾತ್ರ ಸಿಂಧನೂರಿನ ಅಂಗಡಿಕಾರರದ್ದೇ!

ಇದರ ಫಲವೇನೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಮೊದಲು ಮಾರಾಟವಾಗಿದ್ದು 2007ರಲ್ಲಿ. ಕೈಯಿಂದ ಕೈಗೆ ಹೋಗಿ 2009ರಲ್ಲಿ ಅಪಘಾತವಾಯಿತು, ಒಂದು ಜೀವ ಹೋಯಿತು. ಗಾಡಿ ಮಾರಿ ಎರಡು ವರ್ಷವಾಗಿತ್ತು, ನನಗೇನು ಸಂಬಂಧ ಎಂಬ ಮೊದಲ ಮಾಲೀಕನ ವಾದ ನಿಲ್ಲಲಿಲ್ಲ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದಿತು ನ್ಯಾಯಾಲಯ. ಗಾಯಗೊಂಡವರು, ಸತ್ತವರ ಮನೆಯವರು ಗಾಡಿ ಯಾರ್‍ಯಾರ ಕೈ ದಾಟಿದೆ ಎಂದು ಹುಡುಕುತ್ತಾ ಅಲೆಯಬಾರದು ಎಂಬುದು ಅದರ ನ್ಯಾಯ. ನ್ಯಾಯ ಸರಿಯೇ. ಬಾಂಡ್ ಪೇಪರಿನಲ್ಲಿ ಕರಾರು ಬರೆಸಿಕೊಂಡು, ಅದೇ ತಮ್ಮನ್ನು ಕಾಯುತ್ತದೆಂದು ಕುಳಿತವರು ಇದನ್ನು ಗಮನಿಸಬೇಕು. ಆ ಕಾಗದ ಕೊಂಡವನ ಮೇಲೆ ದಾವೆ ಹೂಡಲು ಉಪಯೋಗವಾದೀತು, ದಾಖಲೆಯ ಹೆಸರನ್ನು ಅಳಿಸಲಾರದು.

ಅಪಘಾತವಷ್ಟೇ ಅಲ್ಲ. 2025ರ ನವೆಂಬರ್ 10ರಂದು ದೆಹಲಿಯ ಕೆಂಪು ಕೋಟೆಯ ಬಳಿ ಸ್ಫೋಟಿಸಿದ ಕಾರು ಹಲವು ಕೈ ದಾಟಿದ ಹಳೆ ಗಾಡಿ. ಪೊಲೀಸರು ಮೊದಲು ಬಾಗಿಲು ತಟ್ಟಿದ್ದು ಎಂದೋ ಮಾರಿ ಕೈತೊಳೆದುಕೊಂಡಿದ್ದ ಹಳೆಯ ಮಾಲೀಕನ ಮನೆಗೆ. ಅಂಥ ರಾತ್ರಿ ಯಾರ ಮನೆಗೂ ಬರಬಾರದು.

ಹೆಸರಿನ ಮಹಿಮೆಯನ್ನು ಮಸ್ಕಿಯವರಿಗೆ ಬೇರೆಯವರು ಹೇಳಬೇಕೇ? 1915ರಲ್ಲಿ ಅಲ್ಲಿಯ ಬಂಡೆಯ ಶಾಸನ ಸಿಕ್ಕು, ಅದರಲ್ಲಿ ಅಶೋಕ ಎಂಬ ಹೆಸರು ಕಂಡಾಗಲೇ ನಾಡಿನ ತುಂಬ ಶಾಸನ ಬರೆಸಿದ ದೇವಾನಾಂಪ್ರಿಯ ಯಾರೆಂಬುದು ಅನುಮಾನವಿಲ್ಲದೆ ತಿಳಿದದ್ದು. ಎರಡು ಸಾವಿರ ವರ್ಷ ದಾಟಿದ ಮೇಲೂ ಬರೆದ ಹೆಸರೇ ಸಾಕ್ಷಿ. ಸಾರಿಗೆ ಕಚೇರಿಯ ದಾಖಲೆಯೂ ಒಂದು ಬಂಡೆಯೇ. ಅಳಿಸುವತನಕ ಅಳಿಯುವುದಿಲ್ಲ.

ಅಳಿಸುವ ದಾರಿ ಕಷ್ಟದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ರಾಜ್ಯದೊಳಗೇ ಮಾರಿದರೆ ಮಾರಿದವನು 14 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಅದಕ್ಕೆ ಫಾರಂ 29. ಕೊಂಡವನು 30 ದಿನದೊಳಗೆ ಹೆಸರು ಬದಲಿಗೆ ಅರ್ಜಿ ಹಾಕಬೇಕು, ಅದು ಫಾರಂ 30. ಅರ್ಜಿಯನ್ನು ಪರಿವಾಹನ್ ಜಾಲತಾಣದಲ್ಲೂ ಹಾಕಬಹುದು. ಗದ್ವಾಲ, ಕರ್ನೂಲ, ಆದೋನಿ ಕಡೆಯವರು ಕೊಂಡರೆ ಗಡಿ ದಾಟುವ ಮೊದಲು ಫಾರಂ 28ರ ನಿರಾಕ್ಷೇಪಣಾ ಪತ್ರ ಬೇಕು. ಸಾಲದ ಗಾಡಿಯಾದರೆ ಬ್ಯಾಂಕಿನ ಪತ್ರ ಮತ್ತು ಫಾರಂ 35 ಕೊಟ್ಟು ಆರ್.ಸಿ.ಯಿಂದ ಸಾಲದ ಹೆಸರು ತೆಗೆಸಬೇಕು. ಫಾರಂನಲ್ಲಿ ಕೊಳ್ಳುವವನ ಹೆಸರು, ವಿಳಾಸ, ತಾರೀಖು ತುಂಬಿದ ಮೇಲೆಯೇ ಸಹಿ. ಖಾಲಿ ಫಾರಂಗೆ ಸಹಿ ಹಾಕುವುದೂ ಖಾಲಿ ಚೆಕ್ಕಿಗೆ ಸಹಿ ಹಾಕುವುದೂ ಒಂದೇ.

ಡೀಲರಿಗೆ ಕೊಟ್ಟರೆ ಚಿಂತೆಯಿಲ್ಲವೇ? ಹಳೆ ಗಾಡಿ ವ್ಯಾಪಾರದವರು ಸಾರಿಗೆ ಕಚೇರಿಯಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ಅಂಥವರಿಗೆ ಫಾರಂ 29ಸಿ ಮೂಲಕ ಗಾಡಿ ಒಪ್ಪಿಸಿ ಕಚೇರಿಗೆ ತಿಳಿಸಿದರೆ, ಅಲ್ಲಿಂದ ಮುಂದಿನ ಹೊಣೆ ಡೀಲರನದು. ಅಧಿಕಾರ ಪತ್ರ ತೋರಿಸದ ದಲ್ಲಾಳಿಗೆ ಕೊಟ್ಟರೆ ಹೊಣೆ ಮಾತ್ರ ಮನೆಗೇ ವಾಪಸ್.

ಇನ್ನು ಸಣ್ಣವೆಂದು ತೋರುವ ನಾಲ್ಕು ಕೆಲಸ. ಕೀಲಿ ಕೊಡುವಾಗ ತಾರೀಖು, ಗಂಟೆ, ಮೀಟರಿನ ಕಿಲೋಮೀಟರು, ಚಾಸಿ ನಂಬರು ಬರೆದ ರಸೀದಿಗೆ ಕೊಂಡವನ ಸಹಿ, ಇಬ್ಬರು ಸಾಕ್ಷಿ. ಫಾಸ್ಟ್ಯಾಗ್ ಮುಚ್ಚಿಸಬೇಕು, ಇಲ್ಲದಿದ್ದರೆ ಕೊಂಡವನ ಟೋಲಿಗೆ ಮಾರಿದವನ ರೊಕ್ಕ ಹೋಗುತ್ತದೆ. ವಿಮಾ ಕಂಪನಿಗೆ ತಿಳಿಸಬೇಕು, ಕ್ಲೇಮು ಮಾಡದೆ ಗಳಿಸಿದ ರಿಯಾಯಿತಿಯನ್ನು ಹೊಸ ಗಾಡಿಗೆ ಉಳಿಸಿಕೊಳ್ಳಬಹುದು. ಆಧಾರದ ಜೆರಾಕ್ಸ್ ಕೊಡಬೇಕಾದರೆ ಅದರ ಮೇಲೆ "ಇಂಥ ಗಾಡಿಯ ಹೆಸರು ಬದಲಿಗೆ ಮಾತ್ರ" ಎಂದು ತಾರೀಖು ಸಮೇತ ಅಡ್ಡ ಬರೆಯಬೇಕು.

ಇಷ್ಟಾದರೂ ರೊಕ್ಕ ಹೋದರೆ, ನಾಚಿಕೆಪಟ್ಟು ಕೂರಬಾರದು. ಕೂಡಲೇ 1930ಕ್ಕೆ ಫೋನು ಮಾಡಬೇಕು. ಮೋಸಗಾರ ರೊಕ್ಕ ಎತ್ತುವ ಮೊದಲೇ ದೂರು ತಲುಪಿದರೆ ತಡೆಹಿಡಿಯಲು ಅವಕಾಶವಿದೆ. ಪೇಟೆಯಲ್ಲಿ ಹೇಗೆ ಮುಖ ತೋರಿಸುವುದು ಎಂದು ಒಂದು ರಾತ್ರಿ ಕಳೆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಜನ ಎಚ್ಚರವಿರಬೇಕೆಂದು ಹೇಳಿ ಅಧಿಕಾರಿಗಳು ಸುಮ್ಮನಿರುವಂತಿಲ್ಲ. ಹೆಸರು ಬದಲಿಗಾಗಿ ಅಂಗಡಿ ಮುಚ್ಚಿ ರಾಯಚೂರಿಗೆ ಓಡಾಡುವುದು ಬೇಡವೆಂದೇ ಎಷ್ಟೋ ಜನ ಖಾಲಿ ಫಾರಂಗೆ ಸಹಿ ಹಾಕುತ್ತಾರೆ. ಸಾರಿಗೆ ಇಲಾಖೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ತಿಂಗಳಿಗೊಂದು ದಿನ ಹೆಸರು ಬದಲಿಗೆಂದೇ ಶಿಬಿರ ನಡೆಸಲಿ. ಪೊಲೀಸರು ಮೂರೂ ಬಸ್ ನಿಲ್ದಾಣಗಳಲ್ಲಿ 1930ರ ಫಲಕವನ್ನು ದೊಡ್ಡ ಅಕ್ಷರದಲ್ಲಿ ಹಾಕಲಿ. ಇದಕ್ಕೆ ಕೋಟಿಗಟ್ಟಲೆ ಅನುದಾನ ಬೇಕಿಲ್ಲ, ಮನಸ್ಸು ಬೇಕು. ಸಂಬಂಧಪಟ್ಟವರು ಇತ್ತ ನೋಡುವರೇ?

ಅವರು ನೋಡುವತನಕ ಮಾರುವವರ ಲೆಕ್ಕ ಇಷ್ಟೇ: ರೊಕ್ಕ ಖಾತೆಯಲ್ಲಿ ಕಂಡ ಮೇಲೆ ಕೀಲಿ, ಕೀಲಿ ಕೊಟ್ಟ ಮೇಲೆ ಹೆಸರು. ದಾಖಲೆಯಲ್ಲಿ ಹೆಸರು ಬದಲಾದದ್ದನ್ನು ಕಣ್ಣಾರೆ ಕಂಡ ದಿನವೇ ಗಾಡಿ ಮಾರಿದ ದಿನ.